ಆಫೀಸಿನೊಳಗೇ ಒಂದು ಸೋಶಿಯಲ್ ನೆಟ್‌ವರ್ಕ್: ಮ್ಯಾನೇಜ್‌ಮೆಂಟಿಗೆ ಬೇಕು, ಜನ ಬರ್ತಾರಾ?

ಒಳಸುದ್ದಿ

ಎಲ್ಲರಿಗೂ ನಮಸ್ಕಾರ. ಒಂದು ಉತ್ಪಾದನಾ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೀನಿ, ಆಂತರಿಕ ಸಂವಹನ ನನ್ನ ಪಾಲಿನ ಕೆಲಸ. ಎರಡು ಪ್ಲಾಂಟು, ಒಂದು ಹೆಡ್ ಆಫೀಸು, ಸದಾ ಹೊರಗಡೆ ಓಡಾಡುವ ಸೇಲ್ಸ್ ಮತ್ತು ಸರ್ವಿಸ್ ತಂಡಗಳು. ಈಚೆಗೆ ಮೀಟಿಂಗಿನಲ್ಲಿ ಮೇಲಿನವರು "ನಮ್ಮದೇ ಒಂದು ಫೇಸ್‌ಬುಕ್ ಥರದ್ದು ಇರಲಿ, ಎಲ್ಲರೂ ಒಂದೇ ಕಡೆ ಸೇರಲಿ" ಅಂತ ತೀರ್ಮಾನಿಸಿ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ.

ಇಂಟ್ರಾನೆಟ್ ಅಂತ ಒಂದಿದೆ. ರಜೆ ಅರ್ಜಿ ಹಾಕೋಕೆ, ಸಂಬಳದ ಚೀಟಿ ನೋಡೋಕೆ ಬಿಟ್ಟರೆ ಆ ಕಡೆ ಯಾರೂ ತಲೆ ಹಾಕಲ್ಲ. ಇಮೇಲ್ ಇರೋದು ಆಫೀಸಿನವರಿಗೆ ಮಾತ್ರ. ನಿಜವಾದ ಕೆಲಸ ನಡೆಯೋದು ವಾಟ್ಸಾಪ್ ಗ್ರೂಪುಗಳಲ್ಲಿ, ಅವು ಎಷ್ಟಿವೆ ಅನ್ನೋ ಲೆಕ್ಕ ಯಾರ ಹತ್ತಿರವೂ ಇಲ್ಲ.

ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳ್ತಿಲ್ಲ, ಡೆಮೊ ನೋಡಿ ನೋಡಿ ಸಾಕಾಗಿದೆ. ಜನ ಬಂದು ಬರೆಯೋ ಹಾಗೆ ಮಾಡೋದು ಏನು, ಬಾಯಿ ಮುಚ್ಚಿಕೊಂಡು ಕೂರೋ ಹಾಗೆ ಮಾಡೋದು ಏನು? ಇದರಲ್ಲಿ ಪಳಗಿದವರು ದಯವಿಟ್ಟು ಹೇಳಿ.

ತಿಂಗಳ_ಕೊನೆ

ಸೇಲ್ಸ್ ಮ್ಯಾನೇಜರ್ ಆಗಿ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಹುಡುಗರು ಈಗಲೇ ಇಮೇಲ್, ವಾಟ್ಸಾಪ್, ಗ್ರಾಹಕರ ಲೆಕ್ಕ ಇಡೋ ಸಿಆರ್‌ಎಂ, ಹಾಜರಾತಿ ಆ್ಯಪ್ ಅಂತ ನಾಲ್ಕು ಕಡೆ ನೋಡಬೇಕು. ಐದನೆಯದು ಬಂದರೆ ಅದನ್ನ ತೆರೆಯೋದು ನಾನು ಬೈದ ದಿನ ಮಾತ್ರ.

ನಮ್ಮಲ್ಲೂ ಇಂಥದ್ದೊಂದು ತಂದಿದ್ದರು. ಉದ್ಘಾಟನೆ ದಿನ ಎಂಡಿ ಸಾಹೇಬರ ವಿಡಿಯೋ, ಅದಕ್ಕೆ ಸಾಲು ಸಾಲು ಲೈಕು. ಆಮೇಲೆ ಉಳಿದದ್ದು ಹುಟ್ಟುಹಬ್ಬದ ಶುಭಾಶಯ ಮತ್ತು "ಹೆಮ್ಮೆಯ ಕ್ಷಣ" ಅನ್ನೋ ಫೋಟೋಗಳು. ಹುಟ್ಟುಹಬ್ಬ ಬೇಡ ಅಂತಲ್ಲ, ಅದಕ್ಕೆ ತಲೆಗಿಷ್ಟು ಅಂತ ಲೈಸೆನ್ಸ್ ದುಡ್ಡು ಕಟ್ಟಬೇಕಾ?

ಹಳೇ_ಅಡ್ಮಿನ್

ತಿಂಗಳ_ಕೊನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಬಗೆಯ ಸಿಸ್ಟಂಗಳನ್ನು ಬೇರೆ ಬೇರೆ ಕಡೆ ನಡೆಸಿದವ ನಾನು. ಸ್ವಲ್ಪ ಹಿಂದಿನ ಕಥೆ ಹೇಳ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

2006ರಲ್ಲಿ ಆಂಡ್ರ್ಯೂ ಮೆಕಾಫಿ ಅನ್ನುವ ಪ್ರಾಧ್ಯಾಪಕರು ಇದಕ್ಕೆಲ್ಲ ಎಂಟರ್‌ಪ್ರೈಸ್ 2.0 ಅಂತ ಹೆಸರಿಟ್ಟಾಗ ಅವರ ಕಣ್ಣಿದ್ದದ್ದು ಬ್ಲಾಗು, ಎಲ್ಲರೂ ಸೇರಿ ತಿದ್ದುವ ವಿಕಿ ಪುಟಗಳ ಮೇಲೆ. ಇಮೇಲ್‌ನಲ್ಲಿ ಬರೆದದ್ದು ಬರೆದವನ ಮತ್ತು ಓದಿದವನ ನಡುವೆಯೇ ಹೂತು ಹೋಗ್ತದೆ, ಎಲ್ಲರಿಗೂ ಕಾಣುವ ಕಡೆ ಬರೆದದ್ದು ನಾಳೆ ಮೂರನೆಯವನಿಗೂ ಸಿಗ್ತದೆ ಅನ್ನುವುದು ವಾದದ ತಿರುಳು. ಆಮೇಲೆ ದುಡ್ಡು ಬಂತು. 2008ರಲ್ಲಿ ಆಫೀಸುಗಳಿಗಾಗಿಯೇ ಮಾಡಿದ ಸೋಶಿಯಲ್ ನೆಟ್‌ವರ್ಕ್ ಯಾಮರ್, 2010ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಅಂಥದ್ದೇ ಚಾಟರ್. 2012ರಲ್ಲಿ ಮೈಕ್ರೋಸಾಫ್ಟ್ ಯಾಮರನ್ನು 120 ಕೋಟಿ ಡಾಲರಿಗೆ ಕೊಂಡಿತು. 2016ರಲ್ಲಿ ಫೇಸ್‌ಬುಕ್ಕೇ ಆಫೀಸುಗಳಿಗಾಗಿ ವರ್ಕ್‌ಪ್ಲೇಸ್ ತಂದಿತು, ಅಂದರೆ ನಿಮ್ಮ ಮೇಲಿನವರು ಕೇಳುತ್ತಿರುವ ವಸ್ತು ಅಕ್ಷರಶಃ ಇತ್ತು ಮಾರಾಯ್ರೆ. 2024ರ ಮೇ ತಿಂಗಳಲ್ಲಿ ಫೇಸ್‌ಬುಕ್ಕಿನ ಮಾಲೀಕ ಕಂಪನಿ ಮೆಟಾ ಅದನ್ನು ಮುಚ್ಚುವುದಾಗಿ ಹೇಳಿತು. ಗೂಗಲ್ ಪ್ಲಸ್‌ನ ಆಫೀಸು ರೂಪ ಕರೆಂಟ್ಸ್ ಅಂತ ಹೆಸರು ಬದಲಿಸಿಕೊಂಡು 2023ರಲ್ಲಿ ಮುಗಿಯಿತು. ಯಾಮರ್ ಅನ್ನುವ ಹೆಸರೂ ಈಗ ಇಲ್ಲ, ವಿವಾ ಎಂಗೇಜ್ ಆಗಿದೆ.

ಇಷ್ಟು ದೊಡ್ಡ ಕಂಪನಿಗಳೇ ಬಾಗಿಲು ಹಾಕುವಾಗ ನಿಮ್ಮ ಜನರ ಬರಹ ಎಲ್ಲಿ ಹೋಗ್ತದೆ ಅನ್ನುವುದು ಒಂದು ಚಿಂತೆ, ಅದಕ್ಕೆ ಆಮೇಲೆ ಬರ್ತೇನೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಯಾಮರ್ ಶುರುವಿನಲ್ಲಿ ಹರಡಿದ ರೀತಿ. ಕಂಪನಿಯ ಇಮೇಲ್ ಇದ್ದವ ಯಾರು ಬೇಕಾದರೂ ಪುಕ್ಕಟೆ ಸೇರಬಹುದಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಂಪನಿಗೆ ಅದರ ಮೇಲೆ ಹಿಡಿತ ಬೇಕೆಂದಾಗ ಮಾತ್ರ ದುಡ್ಡು. ಅಂದರೆ ಅಗತ್ಯ ಇದ್ದವರು ಮೊದಲು ಬಂದರು, ಆಡಳಿತ ಆಮೇಲೆ ಬಂತು. ಈಗ ಎಲ್ಲ ಕಡೆ ತಿರುಗುಮುರುಗು. ಮೊದಲು ಆಡಳಿತ, ಆಮೇಲೆ ಪೋಸ್ಟರು, ಆಮೇಲೆ "ಯಾಕೆ ಯಾರೂ ಬರೆಯುತ್ತಿಲ್ಲ" ಅನ್ನುವ ಮೀಟಿಂಗು.

ಬಗ್_ಬೇಟೆ

ಹಳೇ_ಅಡ್ಮಿನ್ ಗುರುಗಳೇ, ಚಾಟ್ ಬಿಟ್ಟುಬಿಟ್ರಲ್ಲ? 2014ರಲ್ಲಿ ಸ್ಲ್ಯಾಕ್, 2017ರಲ್ಲಿ ಟೀಮ್ಸ್ ಬಂದಮೇಲೆ ಈ ಫೇಸ್‌ಬುಕ್ ಥರದ ಗೋಡೆ ಯಾರಿಗೆ ಬೇಕು? ನಾವು ಡೆವಲಪರ್‌ಗಳು ದಿನವಿಡೀ ಚಾನೆಲ್‌ಗಳಲ್ಲೇ ಬಿದ್ದಿರ್ತೀವಿ.

ಆದರೂ ಒಂದು ಒಪ್ಕೋತೀನಿ. ಚಾಟ್‌ನಲ್ಲಿ ಎಲ್ಲ ಹರಿದು ಹೋಗತ್ತೆ. ಮೊನ್ನೆ ಒಬ್ಬ ಹೊಸ ಹುಡುಗಿ "ಈ ಸರ್ವಿಸ್‌ಗೆ ಟೈಮ್‌ಔಟ್ ಯಾಕೆ 30 ಸೆಕೆಂಡು ಇಟ್ಟಿದ್ದೀರಿ" ಅಂತ ಕೇಳಿದಳು (ಟೈಮ್‌ಔಟ್ ಅಂದ್ರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿ). ಉತ್ತರ ಎಲ್ಲೋ ಇದೆ, ಗೊತ್ತು. ಆದರೆ ಅದು ಇಬ್ಬರ ಖಾಸಗಿ ಮೆಸೇಜಿನಲ್ಲಿ ಇತ್ಯರ್ಥ ಆಗಿತ್ತು, ಅವರಲ್ಲಿ ಒಬ್ಬ ಕೆಲಸ ಬಿಟ್ಟಿದ್ದಾನೆ, ಇನ್ನೊಬ್ಬನಿಗೆ ನೆನಪಿಲ್ಲ. ಈಗ ಆ 30ನ್ನ ಮುಟ್ಟೋಕೆ ಎಲ್ಲರಿಗೂ ಭಯ.

ನಮ್ಮ ಟೀಮಿನಲ್ಲಿ ಈಗ ಒಂದೇ ಕಟ್ಟಳೆ. ಕೆಲಸದ ಪ್ರಶ್ನೆ ಖಾಸಗಿಯಾಗಿ ಬಂದರೆ "ಚಾನೆಲ್‌ನಲ್ಲಿ ಕೇಳು, ಅಲ್ಲೇ ಹೇಳ್ತೀನಿ" ಅಂತ ಉತ್ತರ. ಮೊದಮೊದಲು ಅಹಂಕಾರ ಅಂದುಕೊಂಡರು.

ಸ್ಪ್ಯಾನರ್

ನಾನು ಮೆಂಟೆನೆನ್ಸ್‌ನವನು. ನಮ್ಮಲ್ಲಿ ಒಂದು ಗ್ರೂಪು ಮಾತ್ರ ಜೀವಂತ ಇದೆ, ಅದು ಪ್ಯಾಕಿಂಗ್ ಮಶೀನಿನದ್ದು. ಕಂಪನಿಯವರು ಮಾಡಿದ್ದಲ್ಲ, ನಾವೇ ಮಾಡ್ಕೊಂಡಿದ್ದು. ಅದರಲ್ಲಿ ನಡೆಯೋದು ಏನು ಅಂತ ತೋರಿಸಿದರೆ ಮೇಡಂಗೆ ಉಪಯೋಗ ಆಗಬಹುದು.

ಒಬ್ಬ ಆಪರೇಟರ್ ಪೌಚಿನ ಫೋಟೋ ಹಾಕಿದ: "ಅಡ್ಡ ಸೀಲ್ ಬಿಟ್ಕೋತಾ ಇದೆ. ಟೆಂಪರೇಚರ್ ಸರಿ ತೋರಿಸ್ತಿದೆ. ಎರಡು ಸಲ ಏರಿಸಿದೆ, ಫಿಲ್ಮ್ ಸುಕ್ಕಾಗ್ತಿದೆ." ಪಕ್ಕದ ಪ್ಲಾಂಟಿನವನು ಕೇಳಿದ: "ಪುಡಿ ಪ್ರಾಡಕ್ಟಾ, ಕಾಳಾ?" ಪುಡಿ ಅಂದ. "ಹಂಗಾದ್ರೆ ಹೀಟರ್ ಮುಟ್ಟಬೇಡ. ಬಿಟ್ಟಿರೋ ಸೀಲನ್ನ ಬಿಡಿಸಿ ಬೆಳಕಿಗೆ ಹಿಡಿ, ಒಳಗಡೆ ಪುಡಿ ಅಂಟಿದೆಯಾ ನೋಡು." ಅಂಟಿತ್ತು, ಫೋಟೋ ಬಂತು. "ಫಿಲ್ಲರ್ ತಡವಾಗಿ ಬಿಡ್ತಿದೆ, ದವಡೆ ಮುಚ್ಚೋ ಹೊತ್ತಿಗೆ ಬಾಲ ಬೀಳ್ತಿದೆ. ಟೈಮಿಂಗ್ ಸ್ವಲ್ಪ ಮುಂದಕ್ಕೆ ತಗೋ." ಫಿಲ್ಲರ್ ಅಂದರೆ ಪುಡಿ ತುಂಬೋ ಭಾಗ, ದವಡೆ ಅಂದರೆ ಪೌಚನ್ನ ಒತ್ತಿ ಸೀಲ್ ಮಾಡೋ ಭಾಗ, ಬಾಲ ಅಂದರೆ ಕೊನೆಗೆ ಉದುರೋ ಪುಡಿ. ಆಮೇಲೆ ನಮ್ಮಲ್ಲಿ ಸೀನಿಯರ್ ಒಬ್ಬರು ಸೇರಿಸಿದರು, ಟೈಮಿಂಗ್ ಸರಿ ಮಾಡಿದಮೇಲೆ ಏರಿಸಿದ ಟೆಂಪರೇಚರ್ ಇಳಿಸೋದು ಮರೀಬೇಡಿ, ದವಡೆ ಮೇಲಿನ ಟೆಫ್ಲಾನ್ ಟೇಪು ಸುಟ್ಟು ಹೋಗತ್ತೆ ಅಂತ.

ಕೊನೆಗೆ ಆ ಆಪರೇಟರ್ ಹಾಕಿದ್ದು ಎರಡೇ ಪದ: "ಸರಿಹೋಯ್ತು ಅಣ್ಣ." ಆ ಎರಡು ಪದ ಇಲ್ಲದಿದ್ದರೆ ಮೇಲಿನದ್ದೆಲ್ಲ ಬರೀ ಊಹೆ. ನಾವು ಅದನ್ನೇ ಪಟ್ಟು ಹಿಡಿದು ಕೇಳ್ತೀವಿ, ಸರಿಹೋಯ್ತಾ ಇಲ್ವಾ ಹೇಳು ಅಂತ.

ಇದರಲ್ಲಿ ಯಾರೂ ಯಾರಿಗೂ ಲೈಕ್ ಕೊಟ್ಟಿದ್ದು ನೆನಪಿಲ್ಲ.

ಹಳೇ_ಅಡ್ಮಿನ್

ಸ್ಪ್ಯಾನರ್ ಅವರೇ, ನಿಮ್ಮ ಗ್ರೂಪಿನಂಥದ್ದನ್ನೇ ಜೆರಾಕ್ಸ್ ಕಂಪನಿ ಇಂಟರ್ನೆಟ್ ಎಲ್ಲ ಕಡೆ ಬರುವ ಮುಂಚೆಯೇ ಕಂಡುಕೊಂಡಿತ್ತು. ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಕಾಪಿ ಮಶೀನು ರಿಪೇರಿ ಮಾಡುವವರ ಹಿಂದೆ ಹಿಂದೆ ತಿರುಗಿ ನೋಡಿದರು. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಇಲ್ಲದ ತೊಂದರೆಗಳನ್ನು ಆ ಜನ ಒಟ್ಟಿಗೆ ಕೂತು "ನನಗೊಂದು ಮಶೀನು ಹೀಗೆ ಮಾಡಿತ್ತು" ಅಂತ ಕಥೆ ಹೇಳಿಕೊಂಡೇ ಬಗೆಹರಿಸುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಅದು ಹರಟೆ.

1990ರ ದಶಕದಲ್ಲಿ ಅದೇ ಹರಟೆಯನ್ನು ಯುರೇಕಾ ಅನ್ನುವ ಸಿಸ್ಟಂಗೆ ತಂದರು. ತಂತ್ರಜ್ಞನೊಬ್ಬ ಉಪಾಯ ಬರೆದರೆ ಬೇರೆ ತಂತ್ರಜ್ಞರು ಪರೀಕ್ಷಿಸಿ ಒಪ್ಪಿದ ಮೇಲೇ ಅದು ಎಲ್ಲರಿಗೂ ಕಾಣುತ್ತಿತ್ತು, ಬರೆದವನ ಹೆಸರಿನ ಸಮೇತ. ಉಪಾಯಕ್ಕಿಷ್ಟು ಅಂತ ದುಡ್ಡು ಕೊಡುವ ಮಾತು ಬಂದಾಗ ಆ ತಂತ್ರಜ್ಞರೇ ಬೇಡ ಅಂದರು, ದುಡ್ಡು ಬಂದರೆ ಸಂಖ್ಯೆ ಏರ್ತದೆ, ಗುಣ ಇಳೀತದೆ ಅಂತ. ಈಗಿನ ಪಾಯಿಂಟು, ಬ್ಯಾಡ್ಜು, "ತಿಂಗಳ ತಾರೆ" ಮಾರುವವರಿಗೆ ಇದನ್ನು ಯಾರಾದರೂ ಹೇಳಬೇಕು. ಪೋಸ್ಟಿಗೆ ಪಾಯಿಂಟು ಇಟ್ಟ ಮರುದಿನ "ಶುಭ ಮುಂಜಾನೆ" ಶುರುವಾಗ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ತಿಂಗಳ_ಕೊನೆ

ರಿಪೇರಿಯವರ ವಿಷಯ ಒಪ್ಪಿದೆ. ಅಲ್ಲಿ ಎಲ್ಲರ ಹಿತ ಒಂದೇ, ಮಶೀನು ಓಡಬೇಕು. ಸೇಲ್ಸ್‌ನಲ್ಲಿ ಒಬ್ಬನ ಗುಟ್ಟು ಇನ್ನೊಬ್ಬನ ಇನ್ಸೆಂಟಿವ್. ಯಾವ ಡೀಲರ್ ಯಾಕೆ ಬಗ್ಗಿದ ಅಂತ ನನ್ನ ಒಳ್ಳೇ ಹುಡುಗ ಬರೆದು ಹಾಕಿದರೆ ಮುಂದಿನ ತಿಂಗಳು ಪಕ್ಕದ ಏರಿಯಾದವನು ಅವನನ್ನ ದಾಟಿ ಹೋಗ್ತಾನೆ. ಬಹುಮಾನ ಒಬ್ಬನಿಗೇ ಅಂತ ಇಟ್ಟು "ಜ್ಞಾನ ಹಂಚ್ಕೊಳಿ" ಅಂದರೆ ಯಾರು ಹಂಚ್ಕೋತಾರೆ?

ಇನ್ನೊಂದು. ವೆಂಡರ್ ಬಂದವನು ಸ್ಲೈಡ್ ಹಾಕಿ ಉತ್ಪಾದಕತೆ 20ರಿಂದ 25 ಶೇಕಡಾ ಏರತ್ತೆ ಅಂದ. ಇದಕ್ಕೆ ಆಧಾರ ಉಂಟಾ, ಬುರುಡೆಯಾ?

ಹಳೇ_ಅಡ್ಮಿನ್

ಆಧಾರ ಉಂಟು, ಆದರೆ ಅವ ಹೇಳಿದ ಅರ್ಥದಲ್ಲಿ ಅಲ್ಲ. ಮೆಕಿನ್ಸೆ ಅನ್ನುವ ಸಲಹಾ ಸಂಸ್ಥೆಯ 2012ರ ವರದಿಯ ಅಂಕಿ ಅದು. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರ ವಾರದ ಸುಮಾರು 28 ಶೇಕಡಾ ಹೊತ್ತು ಇಮೇಲ್‌ಗೆ ಹೋಗ್ತದೆ, ಮಾಹಿತಿ ಹುಡುಕುವುದಕ್ಕೆ ಇನ್ನೊಂದು ಐದನೇ ಒಂದು ಪಾಲು, ಇವನ್ನು ಉಳಿಸಿದರೆ ಅಂಥವರ ಉತ್ಪಾದಕತೆ 20ರಿಂದ 25 ಶೇಕಡಾ ಏರಲು ಸಾಧ್ಯ ಅಂತ ಅಂದಾಜು. ಸಾಧ್ಯತೆಯ ಅಂದಾಜನ್ನು ಆಗಿಹೋದ ಫಲಿತಾಂಶ ಅಂತ ಮಾರುವುದು ಅವನ ಹೊಟ್ಟೆಪಾಡು.

ಇಮೇಲನ್ನೇ ತೆಗೆದು ಹಾಕುತ್ತೇವೆ ಅಂತ ಹೊರಟವರೂ ಇದ್ದರು. 2011ರಲ್ಲಿ ಫ್ರಾನ್ಸಿನ ಐಟಿ ಕಂಪನಿ ಅಟೋಸ್‌ನ ಮುಖ್ಯಸ್ಥ ಥಿಯರಿ ಬ್ರೆಟನ್ ಮೂರು ವರ್ಷದಲ್ಲಿ ಒಳಗಿನ ಇಮೇಲ್ ಶೂನ್ಯ ಅಂದರು, ಅದಕ್ಕಾಗಿ ಬ್ಲೂಕಿವಿ ಅನ್ನುವ ಸೋಶಿಯಲ್ ಸಾಫ್ಟ್‌ವೇರ್ ಕಂಪನಿಯನ್ನೇ ಕೊಂಡರು. ಇಮೇಲ್ ಕಡಿಮೆ ಆಯಿತು, ಶೂನ್ಯ ಆಗಲಿಲ್ಲ.

ಇನ್ಸೆಂಟಿವ್ ವಿಷಯದಲ್ಲಿ ಮಾತ್ರ ನಿಮ್ಮದೇ ಸರಿ, ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ.

ಓದುಗ_ಮಾತ್ರ

ಇಲ್ಲಿ ಬರೆಯೋದು ಇದೇ ಮೊದಲು. ಯಾಕೆ ಬರೆಯಲ್ಲ ಅಂತ ಕೇಳಿದ್ರಲ್ಲ, ಬರೆಯದವಳ ಕಡೆಯಿಂದ ಹೇಳ್ತೀನಿ.

ನಮ್ಮ ಕಂಪನಿಯ ಗ್ರೂಪಿನಲ್ಲಿ ಹೊಸ ಪ್ರಯಾಣ ಭತ್ಯೆಯ ನಿಯಮ ಹಾಕಿದ್ದರು. ಅದರಲ್ಲಿ ಒಂದು ಗೊಂದಲ ಇತ್ತು: ರಾತ್ರಿ ಹನ್ನೊಂದಕ್ಕೆ ವಾಪಸ್ ಬಂದರೆ ಅದು ಒಂದು ದಿನವಾ, ಅರ್ಧ ದಿನವಾ? ಪ್ರಶ್ನೆ ಟೈಪ್ ಮಾಡಿದೆ. ಪೋಸ್ಟಿನ ಕೆಳಗೆ "ನೋಡಿದವರು" ಪಟ್ಟಿಯಲ್ಲಿ ನನ್ನ ಬಾಸಿನ ಬಾಸಿನ ಮುಖ ಇತ್ತು. "ದಯವಿಟ್ಟು ತಿಳಿಸಬಹುದೇ" ಅಂತ ಸೇರಿಸಿದೆ. ತೀರಾ ಕಾಸಿಗೆ ಬಾಯಿ ಬಿಡುವವಳು ಅನ್ನಿಸಿಕೊಳ್ತೀನೇನೋ ಅಂತ ಮೊದಲ ಸಾಲು ಅಳಿಸಿದೆ. ಆಮೇಲೆ ಎಲ್ಲ ಅಳಿಸಿ ಒಂದು ಲೈಕ್ ಒತ್ತಿ ಬಂದೆ. ಅಕೌಂಟ್ಸ್‌ನಲ್ಲಿರೋ ಗೆಳತಿಗೆ ವಾಟ್ಸಾಪ್ ಮಾಡಿ ಕೇಳಿದೆ, ಅವಳು ಹೇಳಿದಳು. ಅದೇ ಪ್ರಶ್ನೆ ಅವಳಿಗೆ ತುಂಬ ಜನ ಕೇಳಿದ್ದಾರಂತೆ.

ಬಗ್_ಬೇಟೆ

ಓದುಗ_ಮಾತ್ರ ಅವರೇ, ನಿಮ್ಮದು ಇಡೀ ಥ್ರೆಡ್‌ನಲ್ಲೇ ಬೆಸ್ಟ್ ಪೋಸ್ಟ್.

ಇದಕ್ಕೇ ಅನಾಮಿಕ ಪೋಸ್ಟಿಂಗ್ ಬೇಕು ಅನ್ನೋದು. ಹೆಸರಿಲ್ಲದೆ ಕೇಳೋ ಹಾಗಿದ್ರೆ ಅವತ್ತೇ ಕೇಳಿರ್ತಿದ್ರಿ.

ಕಡತ_ವಿಭಾಗ

ನಾನು ಕಾನೂನು ಮತ್ತು ದಾಖಲೆಗಳ ವಿಭಾಗದಲ್ಲಿದ್ದೇನೆ. ಅನಾಮಿಕತೆಯ ಬಗ್ಗೆ ಒಂದು ಎಚ್ಚರಿಕೆ. ಪರದೆಯ ಮೇಲೆ ಹೆಸರು ಕಾಣದಿರುವುದು ಬೇರೆ, ಸರ್ವರಿನಲ್ಲಿ ಹೆಸರು ದಾಖಲಾಗದಿರುವುದು ಬೇರೆ. ಎಷ್ಟೋ ವ್ಯವಸ್ಥೆಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಜನರಿಗೆ ಅನಾಮಿಕ ಎಂದು ಹೇಳಿ, ಮುಂದೊಂದು ದಿನ ತನಿಖೆಯ ನೆಪದಲ್ಲಿ ಅಡ್ಮಿನ್ ಹೆಸರು ತೆಗೆದುಕೊಟ್ಟರೆ ಆ ವೇದಿಕೆಯ ಕಥೆ ಅಂದಿಗೆ ಮುಗಿಯಿತು. ಸಣ್ಣ ತಂಡಗಳಲ್ಲಂತೂ ಬರೆಯುವ ಧಾಟಿಯಿಂದಲೇ ಯಾರೆಂದು ತಿಳಿದುಬಿಡುತ್ತದೆ. ಖಾಸಗಿ ಗ್ರೂಪಿನ ಬರಹವನ್ನು ಯಾವ ಸಂದರ್ಭದಲ್ಲಿ, ಯಾರ ಅನುಮತಿಯಿಂದ, ಯಾರು ತೆರೆದು ನೋಡಬಹುದು ಎಂಬುದನ್ನು ಸರಳ ಭಾಷೆಯಲ್ಲಿ ಬರೆದು ಮೊದಲ ದಿನವೇ ಹಾಕಿಬಿಡಿ. ಕಹಿ ಎನಿಸಿದರೂ ಜನ ಅದನ್ನು ಸಹಿಸುತ್ತಾರೆ, ಆಮೇಲೆ ಗೊತ್ತಾದರೆ ಸಹಿಸುವುದಿಲ್ಲ.

ವಾಟ್ಸಾಪ್ ಗ್ರೂಪುಗಳ ಲೆಕ್ಕವೇ ಇಲ್ಲ ಎಂದಿರಿ. ನನಗೆ ಅದು ಹೆಚ್ಚು ದಿಗಿಲು. ಕೆಲಸ ಬಿಟ್ಟವರು ಇನ್ನೂ ಗ್ರೂಪಿನಲ್ಲಿದ್ದಾರೆಯೇ? ಗ್ರೂಪಿನ ಅಡ್ಮಿನ್ನೇ ಕೆಲಸ ಬಿಟ್ಟಿದ್ದಾರೆಯೇ? ಗ್ರಾಹಕರ ದಾಖಲೆಗಳ ಫೋಟೋ ಯಾರ ಯಾರ ಸ್ವಂತ ಫೋನಿನಲ್ಲಿ ಉಳಿದಿದೆ? ಅಮೆರಿಕದ ಹಣಕಾಸು ಕ್ಷೇತ್ರದಲ್ಲಿ ಇದು ಸಣ್ಣ ವಿಷಯವಾಗಿ ಉಳಿಯಲಿಲ್ಲ. ವ್ಯವಹಾರದ ಮಾತುಗಳನ್ನು ಸಿಬ್ಬಂದಿ ಸ್ವಂತ ಫೋನಿನ ಮೆಸೇಜುಗಳಲ್ಲಿ ನಡೆಸಿದ್ದಕ್ಕೆ, ಅವನ್ನು ಕಂಪನಿ ದಾಖಲಿಸಿಡದಿದ್ದುದಕ್ಕೆ, 2021ರ ಡಿಸೆಂಬರ್‌ನಲ್ಲಿ ಜೆಪಿ ಮಾರ್ಗನ್ ಬ್ಯಾಂಕು ಒಟ್ಟು 20 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. 2022ರ ಸೆಪ್ಟೆಂಬರ್‌ನಲ್ಲಿ ಹತ್ತಾರು ಸಂಸ್ಥೆಗಳ ಮೇಲೆ ಬಿದ್ದ ದಂಡ ಸೇರಿ 180 ಕೋಟಿ ಡಾಲರ್ ದಾಟಿತು. ಅಲ್ಲಿ ದಾಖಲೆ ಇಡಲೇಬೇಕೆಂಬ ಕಾನೂನಿದೆ, ನಿಮ್ಮ ಉದ್ಯಮಕ್ಕೆ ಅಷ್ಟು ಬಿಗಿ ಇರಲಾರದು. ಆದರೆ ನಿಷೇಧದ ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಪಾಠ. ಆ ಬ್ಯಾಂಕುಗಳಲ್ಲೂ ನಿಷೇಧವಿತ್ತು, ಮೇಲಧಿಕಾರಿಗಳೇ ಅದನ್ನು ಮುರಿಯುತ್ತಿದ್ದರು.

ಮೂರನೇ_ಪಾಳಿ

ಎಲ್ಲರೂ ಆಫೀಸಿನ ಕುರ್ಚಿ ಮೇಲೆ ಕೂತು ಮಾತಾಡ್ತಿದ್ದೀರಿ. ಪ್ಲಾಂಟಿನ ಕಥೆ ಕೇಳಿ.

ನನಗೆ ಕಂಪನಿ ಇಮೇಲ್ ಇಲ್ಲ. ಮಶೀನಿನ ಹತ್ತಿರ ಫೋನ್ ತರಂಗಿಲ್ಲ, ಲಾಕರ್‌ನಲ್ಲಿ ಇಡಬೇಕು. ಆದರೂ ಆ್ಯಪ್ ಹಾಕ್ಕೊಳಿ ಅಂದರು. ಯಾವಾಗ ನೋಡಬೇಕು? ಪಾಳಿ ಮುಗಿದಮೇಲೆ, ನನ್ನ ಫೋನಿನಲ್ಲಿ, ನನ್ನ ಡೇಟಾದಲ್ಲಿ. ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ಹಗಲು ಪಾಳಿಯವರ ನೋಟಿಫಿಕೇಶನ್ ಟಿಂಗ್ ಟಿಂಗ್. ಆಫ್ ಮಾಡಿದರೆ ಸೂಪರ್‌ವೈಸರ್ ಕೇಳ್ತಾರೆ, ಸುರಕ್ಷತಾ ಸೂಚನೆ ನೋಡಿಲ್ವಾ ಅಂತ. ಬರೆಯೋ ವಿಷಯ ಬಿಡಿ, ಓದೋ ಹೊತ್ತಿಗೂ ಸಂಬಳ ಇಲ್ಲ.

ಎಲ್ಲರೂ ಒಂದೇ ಕಡೆ ಸೇರಲಿ ಅನ್ನೋ ಮೇಲಿನವರು ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಅದು ಕೆಲಸವಾ, ಅಲ್ವಾ? ಕೆಲಸ ಅಂದ್ರೆ ಪಾಳಿಯೊಳಗೆ ಹೊತ್ತು ಕೊಡಿ. ಅಲ್ಲ ಅಂದ್ರೆ ನೋಡಿಲ್ಲ ಅಂತ ಕೇಳಬೇಡಿ.

ಕಡತ_ವಿಭಾಗ

ಮೂರನೇ_ಪಾಳಿಯವರ ಪ್ರಶ್ನೆಯನ್ನು ಕೆಲವು ದೇಶಗಳು ಕಾನೂನಿಗೇ ತಂದಿವೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ನಡೆಸಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇಂಥದ್ದೇ ಹಕ್ಕು ಬಂದಿದೆ. ಕಾನೂನು ಇಲ್ಲದ ಕಡೆಯೂ ಪಾಳಿಗೆ ತಕ್ಕಂತೆ ನೋಟಿಫಿಕೇಶನ್ ತಾನಾಗಿ ನಿಲ್ಲುವ ಹಾಗೆ ಮಾಡಲು ಅಡ್ಡಿಯೇನಿಲ್ಲ.

ಒಳಸುದ್ದಿ

ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಓದ್ತಾ ಓದ್ತಾ ಒಂದು ಸ್ಪಷ್ಟ ಆಯ್ತು, ನಾವು "ಎಲ್ಲರೂ ಒಂದೇ ಕಡೆ" ಅಂತ ಯಾವುದನ್ನ ಕರೀತಿದ್ದೀವೋ ಅದರೊಳಗೆ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿದೆ. ಮೇಲಿನಿಂದ ಬರೋ ಪ್ರಕಟಣೆ, ನನ್ನಂಥವರ ನಿಯಮಗಳ ಬಗ್ಗೆ ಜನರ ಪ್ರಶ್ನೆ, ಸ್ಪ್ಯಾನರ್ ಅವರ ಗ್ರೂಪಿನಂಥ ಕಸುಬಿನ ಮಾತು. ಮೇಲಿನವರ ಮನಸ್ಸಿನಲ್ಲಿರೋದು ಮೊದಲನೆಯದು ಮಾತ್ರ.

ಎರಡು ಪ್ರಶ್ನೆ. ಓದುವವರೇ ಹೆಚ್ಚು, ಬರೆಯುವವರು ಕಡಿಮೆ ಅಂತಾದರೆ ಅದನ್ನ ಸೋಲು ಅಂತ ಲೆಕ್ಕ ಹಾಕಬೇಕಾ? ಮತ್ತೆ, ಅಹಿತಕರ ಪ್ರಶ್ನೆ ಬಂದಾಗ ಉತ್ತರ ಕೊಡೋಕೆ ಮೇಲಿನವರನ್ನ ಒಪ್ಪಿಸೋದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟೋರು ನಾನೇ ಆಗಬೇಕಾ?

ಹಳೇ_ಅಡ್ಮಿನ್

ಮೊದಲನೆಯದಕ್ಕೆ: ಅಲ್ಲ. ಆನ್‌ಲೈನ್ ಸಮುದಾಯಗಳಲ್ಲಿ 90 ಶೇಕಡಾ ಜನ ಓದುವವರೇ, 9 ಶೇಕಡಾ ಆಗೊಮ್ಮೆ ಈಗೊಮ್ಮೆ ಬರೆಯುವವರು, ಹೆಚ್ಚಿನದೆಲ್ಲ ಬರುವುದು ಉಳಿದ 1 ಶೇಕಡಾ ಜನರಿಂದ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದ ಸ್ಥೂಲ ಲೆಕ್ಕ ಇದೆ. ಆಫೀಸಿನಲ್ಲಿ ಪ್ರಮಾಣ ಬೇರೆ ಇರಬಹುದು, ಬಗೆ ಅದೇ. ಓದುಗ_ಮಾತ್ರ ಅವರ ಭತ್ಯೆಯ ಪ್ರಶ್ನೆಯನ್ನು ಒಬ್ಬರೇ ಕೇಳಿ, ಒಂದೇ ಉತ್ತರ ಬಂದಿದ್ದರೆ ಓದಿದ ಎಲ್ಲರ ಕೆಲಸವೂ ಆಗ್ತಿತ್ತು, ಅಕೌಂಟ್ಸ್‌ನ ಗೆಳತಿಗೂ ಬಿಡುವು ಸಿಗ್ತಿತ್ತು. ಆದ್ದರಿಂದ ಪೋಸ್ಟು, ಲೈಕು ಎಣಿಸಬೇಡಿ. ಎಷ್ಟು ಪ್ರಶ್ನೆಗೆ ಉತ್ತರವೇ ಬರದೆ ಉಳಿಯಿತು ಅಂತ ಎಣಿಸಿ. ಡ್ಯಾಶ್‌ಬೋರ್ಡಿನಲ್ಲಿ ಆ ಅಂಕಿ ಇರುವುದಿಲ್ಲ, ನೀವೇ ಕೂತು ನೋಡಬೇಕು.

ಎರಡನೆಯದಕ್ಕೆ ನನ್ನಲ್ಲಿ ಪುರಾವೆ ಕಡಿಮೆ, ನೋಡಿದ್ದು ಹೇಳ್ತೇನೆ. ಐಬಿಎಂ 2003ರಲ್ಲಿ ತನ್ನ ಮೌಲ್ಯಗಳು ಏನಿರಬೇಕು ಅಂತ ಇಡೀ ಕಂಪನಿಯ ಮುಂದೆ 72 ಗಂಟೆ ಆನ್‌ಲೈನ್ ಚರ್ಚೆ ಇಟ್ಟಿತ್ತು. ಸಾವಿರಾರು ಜನ ಬರೆದರು, ಶುರುವಿನಲ್ಲಿ ಬಂದದ್ದು ಬಹಳಷ್ಟು ಸಿಟ್ಟು. ಅದನ್ನು ನಿಲ್ಲಿಸಿಬಿಡೋಣ ಅನ್ನುವ ಒತ್ತಾಯ ಒಳಗಿಂದಲೇ ಬಂದರೂ ಆಗಿನ ಮುಖ್ಯಸ್ಥ ಸ್ಯಾಮ್ ಪಾಮಿಸಾನೊ ನಿಲ್ಲಿಸಲಿಲ್ಲ. ಸಿಟ್ಟು ಹೊರಬಂದ ಮೇಲೇ ಕೆಲಸದ ಮಾತು ಬಂತು. ನಿಮ್ಮ ಮೇಲಿನವರಿಗೆ ಅಷ್ಟು ಧೈರ್ಯ ಇದೆಯಾ ಅಂತ ಉದ್ಘಾಟನೆಗೆ ಮುಂಚೆ ತಿಳಿದುಕೊಳ್ಳಿ, ಆಮೇಲೆ ಅಲ್ಲ.

ತಿಂಗಳ_ಕೊನೆ

ಮ್ಯಾನೇಜರ್ ಕಡೆಯಿಂದ ಒಂದು ಮಾತು. ನಾವು ಉತ್ತರ ಕೊಡದಿರೋದು ಸೊಕ್ಕಿನಿಂದ ಅಲ್ಲ. ಬರೆದದ್ದು ಉಳಿದುಬಿಡತ್ತೆ, ನಾಳೆ ಯಾರೋ ಸ್ಕ್ರೀನ್‌ಶಾಟ್ ಹಿಡ್ಕೊಂಡು "ನೀವೇ ಹೇಳಿದ್ರಲ್ಲ" ಅಂತ ಬರ್ತಾರೆ. "ಗೊತ್ತಿಲ್ಲ, ಶುಕ್ರವಾರದೊಳಗೆ ಕೇಳಿ ಹೇಳ್ತೀನಿ" ಅನ್ನೋದನ್ನೂ ಉತ್ತರ ಅಂತ ಒಪ್ಕೊಂಡರೆ ನಮ್ಮಂಥವರು ಬರೀತೀವಿ. ಒಳಸುದ್ದಿಯವರು ಅದನ್ನ ತಮ್ಮ ಎಂಡಿ ಬಾಯಲ್ಲಿ ಒಂದು ಸಲ ಹೇಳಿಸಿದರೆ ಸಾಕು, ಉಳಿದವರಿಗೆ ದಾರಿ ಆಗತ್ತೆ.

ಓದುಗ_ಮಾತ್ರ

ಹೌದು. ನಮ್ಮ ಬಾಸಿನ ಬಾಸು ಯಾವತ್ತಾದರೂ ಅಲ್ಲಿ ಒಂದು ದಡ್ಡ ಪ್ರಶ್ನೆ ಕೇಳಿದ್ದರೆ ನಾನೂ ಕೇಳ್ತಿದ್ದೆ.

ಸ್ಪ್ಯಾನರ್

ಮೇಡಂ, ಒಂದು ಕೋರಿಕೆ. ನಿಮ್ಮ ಪ್ಲಾಂಟುಗಳಲ್ಲೂ ನಮ್ಮಂಥ ಗ್ರೂಪು ಇದ್ದೇ ಇರತ್ತೆ. ಹೊಸ ಸಿಸ್ಟಂ ಬಂತು ಅಂತ ಅದನ್ನ ಮೊದಲ ದಿನವೇ ಮುಚ್ಚಿಸಬೇಡಿ. ನಮ್ಮ ಕಡೆ ಹಾಗೇ ಒಂದು ಸಲ ಪ್ರಯತ್ನ ಆಯ್ತು. ಗ್ರೂಪಿಗೆ ಎಚ್‌ಆರ್‌ನವರು, ಕ್ವಾಲಿಟಿಯವರು, ಪ್ಲಾಂಟ್ ಹೆಡ್ ಎಲ್ಲ ಸೇರಿಕೊಂಡರು. ಅವತ್ತಿಂದ ಯಾರೂ "ನಾನು ಟೆಂಪರೇಚರ್ ಎರಡು ಸಲ ಏರಿಸಿದೆ" ಅಂತ ಬರೆಯಲಿಲ್ಲ. ಯಾಕೆ ಏರಿಸಿದೆ, ಯಾರನ್ನ ಕೇಳಿದೆ ಅಂತ ಕೇಳೋರು ಒಳಗೇ ಕೂತಿದ್ದರಲ್ಲ. ಆ ಎರಡು ಸಲ ಗೊತ್ತಾಗದೆ ಹೋದರೆ ಉತ್ತರ ಕೊಡೋಕೆ ಆಗಲ್ಲ. ಕೊನೆಗೆ ಅವರನ್ನ ಹೊರಗೆ ಹೋಗಿ ಅನ್ನೋಕಾಗದೆ ನಾವೇ ಇನ್ನೊಂದು ಗ್ರೂಪು ಮಾಡ್ಕೊಂಡ್ವಿ.

ಕಡತ_ವಿಭಾಗ

ಸ್ಪ್ಯಾನರ್ ಅವರ ಮಾತಿಗೆ ನನ್ನ ವಿಭಾಗದ ಕಡೆಯಿಂದ ತಕರಾರಿದೆ. ಗುಣಮಟ್ಟದ ವಿಭಾಗಕ್ಕೆ ತಿಳಿಸದೆ ಸೆಟ್ಟಿಂಗ್ ಬದಲಿಸಿದ್ದು ಮುಂದೆ ಗ್ರಾಹಕರ ದೂರಾಗಿ ಬಂದರೆ, ಆ ಗ್ರೂಪಿನ ಮೆಸೇಜುಗಳೇ ಸಾಕ್ಷಿ. ಕಾಣದ ಕಡೆ ಇದ್ದರೆ ಒಳ್ಳೆಯದು ಎಂದು ನಾನು ಹೇಳಲಾರೆ.

ಸ್ಪ್ಯಾನರ್

ತಕರಾರು ಸರಿಯೇ ಸಾರ್. ಆದರೆ ಕಾಣೋ ಕಡೆ ಇದ್ದರೆ ಬರೆಯೋದೇ ಇಲ್ಲ, ಆಗ ನಿಮಗೆ ಸಾಕ್ಷಿಯೂ ಇಲ್ಲ ನಮಗೆ ಉತ್ತರವೂ ಇಲ್ಲ. ಗ್ರೂಪಿನಲ್ಲಿ ನಾವೇ ಇರ್ತೀವಿ, "ಸರಿಹೋಯ್ತು" ಅಂತಾದಮೇಲೆ ಅದನ್ನ ನಾಲ್ಕು ಸಾಲು ಬರೆದು ಕ್ವಾಲಿಟಿಗೆ ಕೊಡ್ತೀವಿ, ಅವರು ಒಪ್ಪಿದರೆ ಎಲ್ಲರಿಗೂ ಹಾಕಿ. ಜೆರಾಕ್ಸ್‌ನವರು ಮಾಡಿದ್ದೂ ಹೆಚ್ಚೂಕಮ್ಮಿ ಅದೇ ತಾನೇ?

ಕಡತ_ವಿಭಾಗ

ಬದಲಿಸಿದ ಸೆಟ್ಟಿಂಗ್ ಪಾಳಿಯ ರಿಜಿಸ್ಟರಿನಲ್ಲಿ ಅದೇ ದಿನ ದಾಖಲಾಗುವುದಾದರೆ ನನ್ನ ಒಪ್ಪಿಗೆ ಇದೆ.

ಒಳಸುದ್ದಿ

ಮೇಲಿನವರ ಜೊತೆ ಮಾತಾಡಿ ಬಂದೆ. ಆದದ್ದು ಇಷ್ಟು. ಅದ್ದೂರಿ ಉದ್ಘಾಟನೆ ಬೇಡ ಅಂತ ಒಪ್ಪಿಸಿದೆ, ಮುಖ ಸಣ್ಣದಾಯ್ತು, ಆದರೂ ಒಪ್ಪಿದರು. ಮೊದಲು ಎರಡೇ ಗ್ರೂಪು. ಒಂದು ಎರಡೂ ಪ್ಲಾಂಟುಗಳ ಮೆಂಟೆನೆನ್ಸ್‌ನವರದ್ದು, ಸದಸ್ಯರು ಯಾರು ಅನ್ನೋದನ್ನ ಅವರೇ ತೀರ್ಮಾನಿಸ್ತಾರೆ. ಇನ್ನೊಂದು ಎಚ್‌ಆರ್ ಮತ್ತು ಅಕೌಂಟ್ಸ್ ನಿಯಮಗಳ ಪ್ರಶ್ನೆಗೆ. ಅಲ್ಲಿ ಉತ್ತರ ಕೊಡಬೇಕಾದವರ ಹೆಸರು ಮೇಲೇ ಇರತ್ತೆ, ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು. "ನೋಡಿದವರು" ಪಟ್ಟಿಯನ್ನ ಆಫ್ ಮಾಡಿಸಿದ್ದೀನಿ. ಹೆಸರು ಹಾಕೋಕೆ ಹಿಂಜರಿಯುವವರು ಪ್ರಶ್ನೆಯನ್ನ ನನಗೆ ಕಳಿಸಬಹುದು, ನಾನು ನನ್ನ ಹೆಸರಿನಲ್ಲಿ ಕೇಳ್ತೀನಿ.

ಪಾಳಿಯೊಳಗೆ ಹೊತ್ತು ಕೊಡೋ ವಿಷಯ ಮಾತ್ರ ಪ್ರೊಡಕ್ಷನ್ ಹೆಡ್ ಹತ್ತಿರ ನಿಂತಿದೆ. ಪಾಳಿ ಬದಲಾಗೋ ಹೊತ್ತಿನ ಹತ್ತು ನಿಮಿಷದಲ್ಲಿ ಮೆಂಟೆನೆನ್ಸ್ ರೂಮಿನ ಟ್ಯಾಬ್ಲೆಟ್‌ನಲ್ಲಿ ನೋಡಲಿ ಅಂತಾರೆ. ಮೂರನೇ_ಪಾಳಿಯವರೇ, ಇದು ಸಾಕಾ?

ಮೂರನೇ_ಪಾಳಿ

ಟ್ಯಾಬ್ಲೆಟ್ ಒಳ್ಳೇದು, ಸ್ವಂತ ಫೋನ್ ಬೇಡ ಅನ್ನೋದು ಇನ್ನೂ ಒಳ್ಳೇದು. ಹತ್ತು ನಿಮಿಷ ಅನ್ನೋದು ಕೈ ತೊಳೆಯೋಕೆ, ಚಾರ್ಜ್ ವಹಿಸಿಕೊಡೋಕೆ ಆಗತ್ತೆ. ಸಂಬಳದ ಹತ್ತು ನಿಮಿಷನಾ ಅಂತ ಬರೆಸಿಕೊಳ್ಳಿ. ಗ್ಲೌಸ್ ಹಾಕ್ಕೊಂಡು ಟೈಪ್ ಮಾಡೋಕೆ ಆಗಲ್ಲ, ಧ್ವನಿ ಮೆಸೇಜು ಮತ್ತು ಫೋಟೋ ಇದ್ದರೆ ಸಾಕು.

ಬಗ್_ಬೇಟೆ

ಧ್ವನಿ ಮೆಸೇಜು ಬಹಳಷ್ಟು ಕಡೆ ಸರ್ಚ್‌ನಲ್ಲಿ ಸಿಗಲ್ಲ ಮೇಡಂ. ವಾರಕ್ಕೊಮ್ಮೆ ಯಾರಾದರೂ ಅದರ ಸಾರ ಟೈಪ್ ಮಾಡಿ ಹಾಕಲೇಬೇಕು. ಆ ಕೆಲಸ ಯಾರದ್ದು ಅಂತ ಈಗಲೇ ಹೆಸರು ಬರೆದುಬಿಡಿ, ಆಮೇಲೆ ನೋಡೋಣ ಅಂದದ್ದು ಯಾವತ್ತೂ ಆಗಲ್ಲ. ಪುಕ್ಕಟೆ ಪ್ಲಾನ್‌ಗಳನ್ನೂ ಒಮ್ಮೆ ಓದಿ ನೋಡಿ. ಸ್ಲ್ಯಾಕ್‌ನ ಪುಕ್ಕಟೆ ಪ್ಲಾನಿನಲ್ಲಿ 2022ರಿಂದ 90 ದಿನಕ್ಕಿಂತ ಹಳೆಯದು ಕಾಣಲ್ಲ.

ಹಳೇ_ಅಡ್ಮಿನ್

ಆಮೇಲೆ ಬರ್ತೇನೆ ಅಂದಿದ್ದೆನಲ್ಲ, ಅದು ಇದೇ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಟ್ರಯಲ್ ಅಕೌಂಟಿನಲ್ಲಿ ನಾಲ್ಕು ಪೋಸ್ಟು, ಎರಡು ಫೋಟೋ, ಒಂದು ಧ್ವನಿ ಮೆಸೇಜು ಹಾಕಿ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಎಲ್ಲವನ್ನೂ ಫೈಲಾಗಿ ಹೊರತೆಗೆದು ನೋಡಿ. ಎಕ್ಸ್‌ಪೋರ್ಟ್ ಇದೆ ಅಂತ ಎಲ್ಲರೂ ಹೇಳ್ತಾರೆ. ಹೊರಬಂದ ಫೈಲಿನಲ್ಲಿ ಯಾವ ಉತ್ತರ ಯಾವ ಪ್ರಶ್ನೆಯದ್ದು, ಯಾವ ಫೋಟೋ ಯಾವ ಪೋಸ್ಟಿನದ್ದು ಅಂತ ಗೊತ್ತಾಗ್ತದಾ ನೋಡಿ. ಗೊತ್ತಾಗದಿದ್ದರೆ ಆ ವೆಂಡರ್ ಬೇಡ, ಎಷ್ಟೇ ರಿಯಾಯಿತಿ ಕೊಡಲಿ.

ಒಳಸುದ್ದಿ

ಮಾಡ್ತೀನಿ ಸಾರ್. ಸಾರ ಟೈಪ್ ಮಾಡೋಕೆ ಎರಡನೇ ಪ್ಲಾಂಟಿನ ಪ್ಲಾನಿಂಗ್ ಅಸಿಸ್ಟೆಂಟ್ ತಾವಾಗಿ ಒಪ್ಪಿದ್ದಾರೆ, ಅದನ್ನ ಅವರ ಕೆಲಸದ ಪಟ್ಟಿಯಲ್ಲೇ ಸೇರಿಸೋಕೆ ಅವರ ಮ್ಯಾನೇಜರಿಗೆ ಬರೆದಿದ್ದೀನಿ. ಸೇಲ್ಸ್ ಗ್ರೂಪನ್ನ ಸದ್ಯಕ್ಕೆ ಕೈಬಿಟ್ಟಿದ್ದೀನಿ. ತಿಂಗಳ_ಕೊನೆಯವರೇ, ಇನ್ಸೆಂಟಿವ್ ಬದಲಿಸೋ ಮಾತು ನಿಮ್ಮಲ್ಲಿ ಯಾವತ್ತಾದರೂ ಬಂದಿತ್ತಾ?

ತಿಂಗಳ_ಕೊನೆ

ಬಂದಿತ್ತು. ಏರಿಯಾಗೆ ಒಟ್ಟಿಗೆ ಕೊಡೋಣ ಅಂದರೆ ಚೆನ್ನಾಗಿ ಮಾರೋರು ಬಿಟ್ಟು ಹೋಗ್ತೀವಿ ಅಂದರು. ಅರ್ಧ ಒಬ್ಬನಿಗೆ, ಅರ್ಧ ಟೀಮಿಗೆ ಅಂತ ಒಂದು ಲೆಕ್ಕ ಮಾಡಿಟ್ಟಿದ್ದೀನಿ, ಯಾರೂ ಕೇಳಿಲ್ಲ. ಬೇಕಾದರೆ ಕಳಿಸ್ತೀನಿ, ಖಾಸಗಿಯಾಗಿ.

ಬಗ್_ಬೇಟೆ

ಇಲ್ಲೇ ಹಾಕಿ ಸಾರ್. ನಮಗೂ ಬೇಕು.